ಮೆಟ್ಟಿಲ ಮೇಲೆ ಹಿಡಿದ ಕೈ

ಇದರ ಒಂದೊಂದು ಅಕ್ಷರವೂ ಸತ್ಯ. ನನ್ನ ಮೀಸೆಯಾಣೆ. ಮೀಸೆ ಎಲ್ಲಿದೆ ಅಂತ ಕೇಳಬೇಡಿ. ಅದು ಇದ್ದಾಗ ಮಾಡಿದ ಆಣೆ ಇದು, ಇನ್ನೂ ಚಾಲ್ತಿಯಲ್ಲಿದೆ.

ಆಗ ನಾನು ಹೊಳೆದಂಡೆಯ ಒಂದು ಆಶ್ರಮದಲ್ಲಿ ಸಾರು ಬಡಿಸುತ್ತಿದ್ದೆ. ನಾನು ಸೌಟು ಹಿಡಿದರೆ ಮೊದಲ ಎಲೆಗೂ ಕೊನೆಯ ಎಲೆಗೂ ಒಂದು ಹನಿ ಹೆಚ್ಚುಕಮ್ಮಿ ಇಲ್ಲ. ನನ್ನ ಕೈ ನೋಡಿ ಸುತ್ತಲ ಊರುಗಳ ತಕ್ಕಡಿಗಳೆಲ್ಲ ನಾಚಿ ತಲೆ ತಗ್ಗಿಸಿದ್ದವು. ಇರಲಿ, ಕಥೆ ನನ್ನದಲ್ಲ.

ಗುರುಗಳು ಆರಾಧ್ಯರು. ಹೈಸ್ಕೂಲು ಮಕ್ಕಳನ್ನು ಗಣಿತದ ಸ್ಪರ್ಧೆಗೆ ತಯಾರು ಮಾಡುತ್ತಿದ್ದರು. ಬೋರ್ಡಿಲ್ಲ, ಸೀಮೆಸುಣ್ಣವಿಲ್ಲ. ಮರಳಿನ ಮೇಲೆ ಕಡ್ಡಿಯಿಂದ ಗೀಚುವುದು, ಹೊಳೆಯ ನೀರು ನೆಕ್ಕುವ ಮೊದಲು ಬಿಡಿಸುವುದು.

ಶಿಷ್ಯೆ ಹೈಮವತಿ, ಹತ್ತನೇ ಕ್ಲಾಸು. ಚುರುಕೆಂದರೆ ಚುರುಕು. ಒಂದೇ ಒಂದು ಚಟ. ಲೆಕ್ಕ ಸರಿಹೋಗದಿದ್ದರೆ ನಡುವೆ ಎಲ್ಲೋ ಒಂದು ಅಂಕಿಯನ್ನು ಮೆಲ್ಲಗೆ ತಿದ್ದಿ ಸರಿಮಾಡಿಬಿಡುತ್ತಿದ್ದಳು. ಹೋದ ವರ್ಷದ ಸ್ಪರ್ಧೆಯಲ್ಲಿ ಸಿಕ್ಕಿಬಿದ್ದದ್ದು ಅದರಿಂದಲೇ. ಈ ವರ್ಷ ಕೊನೆಯ ಅವಕಾಶ.

ಸ್ಪರ್ಧೆಯ ಹಿಂದಿನ ದಿನ ಅವಳು ಕೇಳಿದಳು: "ಗುರುಗಳೇ, ನಾಳೆ ದೋಣಿಯಲ್ಲಿ ನನ್ನನ್ನೂ ಕಳಿಸ್ತೀರಾ?"

"ಒಂದು ಲೆಕ್ಕ ಕೊಡ್ತೀನಿ. ಬಿಡಿಸಿದರೆ ಹೋಗು. ಇಲ್ಲದಿದ್ದರೆ ಇಲ್ಲೇ ಇರು."

ಸ್ನಾನದ ಮೆಟ್ಟಿಲುಗಳ ತುಂಬ ಪಾಚಿ. ಅದಕ್ಕೇ ಆಶ್ರಮದಲ್ಲೊಂದು ಪದ್ಧತಿ: ಒಬ್ಬರ ಕೈ ಒಬ್ಬರು ಹಿಡಿಯದೆ ಯಾರೂ ನೀರಿಗಿಳಿಯುವಂತಿಲ್ಲ, ಕೈ ಕೊಟ್ಟವರನ್ನು ನಡುವೆ ಬಿಡುವಂತಿಲ್ಲ. ಗಟ್ಟಿಗರು ಒಬ್ಬರ ಕೈ ಹಿಡಿದು ಇಳಿಯುತ್ತಿದ್ದರು. ಪುಕ್ಕಲರಿಗೆ ಮೂರು ನಾಲ್ಕು ಕೈಗಳಾದರೂ ಬೇಕು.

ಗುರುಗಳು ಹೇಳಿದರು: "ಇವತ್ತು ಮೆಟ್ಟಿಲ ಮೇಲೆ ಎಷ್ಟು ಜನರ ಕೈ ಹಿಡಿದಿರಿ ಅಂತ ಒಬ್ಬೊಬ್ಬರನ್ನೂ ಕೇಳಿದರೆ, ಬೆಸಸಂಖ್ಯೆ ಹೇಳುವವರು ಎಷ್ಟು ಮಂದಿ?"

ಹೈಮವತಿ ನಕ್ಕಳು. "ಕೇಳೋದೇ ಬೇಡ. ಎಷ್ಟಾದರೂ ಇರಲಿ, ಅದು ಸಮಸಂಖ್ಯೆ. ಒಂದು ಸಲ ಕೈ ಹಿಡಿದರೆ ಇಬ್ಬರ ಲೆಕ್ಕಕ್ಕೂ ಒಂದೊಂದು ಸೇರುತ್ತೆ. ಹಾಗಾಗಿ ಎಲ್ಲರ ಮೊತ್ತ ಸಮ. ಮೊತ್ತ ಸಮ ಆಗಬೇಕಾದರೆ ಬೆಸ ಹೇಳುವವರೂ ಸಮಸಂಖ್ಯೆಯಲ್ಲೇ ಇರಬೇಕು."

"ಒಪ್ಪಿದೆ. ಈಗ ಹೋಗಿ ಕೇಳಿಕೊಂಡು ಬಾ."

"ಸಾಧಿಸಿದ ಮೇಲೂ ಕೇಳಬೇಕಾ?"

"ಸಾಧಿಸಿದ ಮೇಲೇ ಕೇಳಬೇಕು."

ಅವಳು ಎಲ್ಲರನ್ನೂ ಕೇಳಿದಳು. ನನ್ನನ್ನೂ.

"ಸೊನ್ನೆ," ಅಂದೆ. "ನಾನು ಹೊಳೆಗೆ ಹೋಗಲ್ಲಮ್ಮ, ಬೇಕಾದರೆ ಹೊಳೆಯೇ ನನ್ನ ಬಚ್ಚಲಿಗೆ ಬರುತ್ತೆ."

ಅವಳು ನಗಲಿಲ್ಲ. ಬೆರಳು ಮಡಿಸಿದಳು, ಬಿಡಿಸಿದಳು. ತನ್ನನ್ನೇ ಬಿಟ್ಟೆನೇನೋ ಅಂತ ಎದೆ ಮುಟ್ಟಿ ನೋಡಿಕೊಂಡಳು. ಬಿಟ್ಟಿರಲಿಲ್ಲ.

ಆಮೇಲೆ ಅಡುಗೆಮನೆ ಬಾಗಿಲಲ್ಲಿ ಚಂಪಾಳನ್ನು ಹಿಡಿದುಕೊಂಡಳು. ಚಂಪಾ ಅವಳಿಗಿಂತ ಚಿಕ್ಕವಳು, ಜೋರು ಮಾತಿಗೇ ಹೆದರುವವಳು.

"ಮೂರಲ್ಲ ಕಣೇ, ಎರಡು. ಸರಿಯಾಗಿ ನೆನಪು ಮಾಡ್ಕೋ."

"ಮೂರು, ಅಕ್ಕ..."

"ಎರಡು ಅನ್ನೇ!"

"ಆಯ್ತಕ್ಕ. ಎರಡು."

ನಡು ಮಧ್ಯಾಹ್ನ. ಬಿಸಿಲು ನೆತ್ತಿಯ ಮೇಲೆ, ಯಾರಿಗೂ ನೆರಳಿಲ್ಲ. ಹೊಳೆ ಸದ್ದು ನಿಲ್ಲಿಸಿದಂತಿತ್ತು.

"ಆರು ಜನ, ಗುರುಗಳೇ. ಸಮ."

"ಮೊದಲು ಎಷ್ಟು ಬಂದಿತ್ತು?"

ಅವಳು ಉಗುರು ಕಚ್ಚಿದಳು. "ಏಳು. ಚಂಪಾ ತಪ್ಪು ಹೇಳಿದ್ದಳು. ತಿದ್ದಿಸಿದೆ."

"ಚಂಪಾನೇ ಯಾಕೆ?"

"ಅವಳು ಲೆಕ್ಕದಲ್ಲಿ ದಡ್ಡಿ."

"ಲೆಕ್ಕ ಬರದವರಿಗೆ ಕೈ ಹಿಡಿದದ್ದೂ ಗೊತ್ತಾಗಲ್ವಾ?"

"ಪ್ರಮೇಯ ತಪ್ಪಾಗೋಕೆ ಸಾಧ್ಯವೇ ಇಲ್ಲವಲ್ಲ ಗುರುಗಳೇ!"

"ಇಲ್ಲ. ಪ್ರಮೇಯ ಸರಿ. ಚಂಪಾನೂ ಸರಿ ಅಂತ ಇಟ್ಟುಕೋ."

ಗುರುಗಳು ಮರಳಿನ ಮೇಲೆ ಒಂದು ಚುಕ್ಕೆ ಇಟ್ಟರು. ಚುಕ್ಕೆಯಿಂದ ಒಂದು ಗೆರೆ ಎಳೆದರು. ಗೆರೆ ಉದ್ದಕ್ಕೂ ಸಾಗಿ ನೀರಿನೊಳಗೆ ಹೋಯಿತು.

"ಈ ಕೈಯ ಇನ್ನೊಂದು ತುದಿ ಎಲ್ಲಿ?"

ಹೈಮವತಿ ಗೆರೆಯನ್ನೇ ನೋಡುತ್ತಾ ನಿಂತಳು. ಬಿಸಿಲಲ್ಲೂ ಅವಳ ತೋಳಿನ ರೋಮ ಎದ್ದು ನಿಂತದ್ದು ಬಾವಿಕಟ್ಟೆಯ ಹತ್ತಿರವಿದ್ದ ನನಗೇ ಕಾಣಿಸಿತು. ನನ್ನ ಕಣ್ಣು ಅಂಥದ್ದು.

ಅವಳು ಮತ್ತೆ ಚಂಪಾಳ ಹತ್ತಿರ ಹೋಗಿ ಪಕ್ಕದಲ್ಲಿ ಕೂತಳು.

"ಬೈಯಲ್ಲ, ಹೇಳೇ. ಮೂರನೇ ಕೈ ಯಾರದು?"

"ಗೊತ್ತಿಲ್ಲಕ್ಕ. ನಾನು ಇಳೀತಿದ್ದೆ. ಅದು ಕೆಳಗಿಂದ ಬಂತು."

"ಕೆಳಗಿಂದ ಅಂದರೆ?"

"ನೀರಿಂದ. ತುಂಬಾ ತಣ್ಣಗಿತ್ತು."

"ಬಿಟ್ಟುಬಿಟ್ಟೆ ತಾನೆ?"

"ಬಿಡೋಕಾಗುತ್ತಾ? ಕೈ ಕೊಟ್ಟವರನ್ನ ಬಿಡಬಾರದಲ್ಲ. ಎಳೆದೆ. ಹತ್ತಿ ಬಂತು."

ಹೈಮವತಿ ತಿರುಗಿ ಅಂಗಳ ನೋಡಿದಳು. ಕಂಬಗಳ ಹಿಂದೆ ನೋಡಿದಳು. ಆಮೇಲೆ ನಿಧಾನವಾಗಿ ನಡೆದು ಗುರುಗಳ ಮುಂದೆ ನಿಂತಳು.

"ಏಳು, ಗುರುಗಳೇ. ನಾನು ಕೇಳಿದವರಲ್ಲಿ ಏಳು. ಏಳೇ ಇರಲಿ, ತಿದ್ದಲ್ಲ. ನಾನು ಕೇಳದೆ ಉಳಿದವರು ಒಬ್ಬರಿದ್ದಾರೆ."

"ನಾಳೆ ದೋಣಿ ಹತ್ತು," ಅಂದರು ಗುರುಗಳು. ನನ್ನ ಕಡೆ ತಿರುಗಿ, "ಒಂದು ಎಲೆ ಹೆಚ್ಚಿಗೆ ಹಾಕು."

ಹೈಮವತಿ, ಚಂಪಾ ಇಬ್ಬರ ನಡುವೆ ಹಾಕಿದೆ. ಎಲ್ಲರಿಗೂ ಬಡಿಸಿದ ಅಳತೆಯಲ್ಲೇ ಬಡಿಸಿದೆ. ಊಟ ಮುಗಿದಾಗ ಆ ಎಲೆಯ ಅನ್ನ ಹಾಕಿದ ಹಾಗೇ ಇತ್ತು.

ಇಷ್ಟೂ ಸತ್ಯ. ಒಂದೇ ಒಂದು ಸಣ್ಣ ವಿವರ ನಾನು ಕಟ್ಟಿದ್ದು. ಅನ್ನ ಹಾಕಿದ ಹಾಗೇ ಇತ್ತು ಅಂದೆನಲ್ಲ, ಅದು. ನಿಮಗೆ ನಿದ್ದೆ ಬರಲಿ ಅಂತ ಹಾಗಂದೆ.

ನಿಜವಾಗಿ, ನಾನು ಸಾಲಿನ ಕೊನೆ ಮುಟ್ಟಿ ತಿರುಗುವಷ್ಟರಲ್ಲಿ ಆ ಎಲೆ ಒರೆಸಿದಂತೆ ಖಾಲಿಯಾಗಿತ್ತು. ಎಲೆಯ ಮುಂದೆ ನೆಲ ಒದ್ದೆ. ತಕ್ಕಡಿಗಳನ್ನು ನಾಚಿಸಿದ ನನ್ನ ಕೈಯಿಂದ ಒಂದು ಸೌಟು ಸಾರು ನೆಲಕ್ಕೆ ಚೆಲ್ಲಿತು.

"ಗುರುಗಳೇ," ಅಂದೆ, "ಈ ಎಲೆಗೆ ಇನ್ನೊಂದು ಸೌಟು ಹಾಕಲೇ?"

ಅವರು ತಲೆ ಎತ್ತದೆ ಅನ್ನ ಕಲಸುತ್ತಾ ಅಂದರು:

"ನನ್ನನ್ನೇನು ಕೇಳ್ತೀಯ? ಅವರನ್ನೇ ಕೇಳು."