ಕೀಲಿಮಣೆಯ ಮೇಲಿನ ವಿಭೂತಿ

ಹೊಳೆದಂಡೆಯ ಮಠದಲ್ಲಿ ಅಜ್ಜಾರು ವಚನ ಹೇಳಿಕೊಡುತ್ತಿದ್ದರು, ಕಂಪ್ಯೂಟರನ್ನೂ ಹೇಳಿಕೊಡುತ್ತಿದ್ದರು. ಆ ವರ್ಷ ಶಿಷ್ಯರು ಇಬ್ಬರೇ. ಕೊಟ್ರೇಶ, ಮರುಳಪ್ಪ.

ಒಂದು ದಿನ ಅಜ್ಜಾರು ಲೆಕ್ಕ ಕೊಟ್ಟರು. "ಒಂದಕ್ಕೆ ಅರ್ಧ ಕೂಡಿಸಿ, ಆಮೇಲೆ ಮೂರನೇ ಒಂದು ಪಾಲು, ಆಮೇಲೆ ಕಾಲು. ಹೀಗೆ ಎಲ್ಲಿಯವರೆಗೆ ಕೂಡಿಸು ಅಂದರೂ ಅಲ್ಲಿಯವರೆಗಿನ ಮೊತ್ತ ಹೇಳುವ ಪ್ರೋಗ್ರಾಂ ಬರೆಯಿರಿ."

ಮರುಳಪ್ಪ ಬೇಗ ಮುಗಿಸಿದ. ಕೊಟ್ರೇಶನ ಪ್ರೋಗ್ರಾಂ ಮಾತ್ರ ಎಷ್ಟು ಕೂಡಿಸು ಅಂದರೂ 'ಒಂದು' ಎಂದೇ ತೋರಿಸುತ್ತಿತ್ತು.

ಕೊಟ್ರೇಶ ಸಾಲು ಸಾಲಾಗಿ ಓದಿದ. ತಪ್ಪು ಕಾಣಲಿಲ್ಲ. ಪಕ್ಕದಲ್ಲಿ ನಗುತ್ತ ಕೂತಿದ್ದ ಮರುಳಪ್ಪ ಕಾಣಿಸಿದ.

ಇವನೇ ಏನೋ ಕಿತಾಪತಿ ಮಾಡಿದ್ದಾನೆ. ಇಲ್ಲದಿದ್ದರೆ ಯಾಕೆ ನಗಬೇಕು?

ಆ ಸಂಜೆ ಕೊಟ್ರೇಶ ತನ್ನ ಕೀಲಿಮಣೆಯ ಮೇಲೆ ತೆಳ್ಳಗೆ ವಿಭೂತಿ ಉದುರಿಸಿ ಹೋದ. ಬೆಳಿಗ್ಗೆ ಬಂದು ನೋಡಿದರೆ ಒಂದು ಬೆರಳ ಗುರುತೂ ಇಲ್ಲ. ಉತ್ತರ ಮಾತ್ರ ಅದೇ.

'ಒರೆಸಿ, ಮತ್ತೆ ಉದುರಿಸಿದ್ದಾನೆ ಕಳ್ಳ' ಎಂದುಕೊಂಡ.

ಮಧ್ಯಾಹ್ನ ಊಟದ ಪಂಕ್ತಿಯಲ್ಲಿ, ಬಂದ ಭಕ್ತರ ಎದುರೇ ಅದನ್ನು ಅಂದುಬಿಟ್ಟ. ಮರುಳಪ್ಪ ಕಲಸಿದ ಅನ್ನ ಬಿಟ್ಟು ಎದ್ದು ಹೋದ.

ಅಜ್ಜಾರು ಕೊಟ್ರೇಶನನ್ನು ಕರೆದರು. "ನನ್ನ ಮುಂದೆಯೇ ಮೊದಲಿನಿಂದ ಬರಿ."

ಬರೆದ. ಉತ್ತರ ಮತ್ತೆ 'ಒಂದು'.

"ಈಗ ಇಲ್ಲಿ ಯಾರ್ಯಾರು ಇದ್ದೆವು?"

"ನಾನು, ತಾವು."

ಹೇಳುತ್ತಲೇ ಕೊಟ್ರೇಶನ ಕಣ್ಣು ಅಜ್ಜಾರ ಕೈಯ ಕಡೆ ಹೋಯಿತು.

"ಚೆನ್ನಾಗಿ ನೋಡು," ಎಂದು ಅಜ್ಜಾರು ಎರಡೂ ಅಂಗೈ ಚಾಚಿದರು.

ಕೊಟ್ರೇಶ ನಾಚಿಕೆಯಿಂದ ತಲೆ ತಗ್ಗಿಸಿದ.

"ಮೊದಲ ಸಾಲಿನಲ್ಲಿ ಏನು ಬರೆದಿದ್ದೀ?"

"ಪೂರ್ಣಾಂಕ ಮಾತ್ರ ಇಟ್ಟುಕೋ ಅಂತ."

"ಒಂದನ್ನು ಎರಡರಿಂದ ಭಾಗಿಸಿದರೆ ಪೂರ್ತಿಯಾಗಿ ಎಷ್ಟು ಸಿಗುತ್ತದೆ?"

"ಸೊನ್ನೆ."

"ಮೂರರಿಂದ?"

"ಅದೂ ಸೊನ್ನೆ."

"ಪಾಪ, ನೀನು ಹೇಳಿದ್ದಕ್ಕೇ ಅದು ಒಂದಕ್ಕೆ ಸೊನ್ನೆ ಕೂಡಿಸುತ್ತ ಕೂತಿದೆ."

ಕೊಟ್ರೇಶ ಸಾಲು ತಿದ್ದಿ ದಶಾಂಶಕ್ಕೆ ಜಾಗ ಮಾಡಿದ. ಕಾಲು ಕೂಡಿಸುವಷ್ಟರಲ್ಲೇ ಮೊತ್ತ ಎರಡು ದಾಟಿತು. ಅವನಿಗೆ ಖುಷಿಯಾಗಲಿಲ್ಲ.

"ಮರುಳಪ್ಪ ಎಲ್ಲಿ, ಅಜ್ಜಾರೇ?"

"ಗಂಟು ಕಟ್ಟಿಕೊಂಡು ಹೊಳೆಗೆ ಹೋದ. ಹರಿಗೋಲು ಇನ್ನೂ ಆಚೆ ದಂಡೆಯಲ್ಲಿದೆ."

ಕೊಟ್ರೇಶ ಧಡಕ್ಕನೆ ಎದ್ದ. ಬಾಗಿಲವರೆಗೆ ಹೋಗಿ ನಿಂತ.

"ತಪ್ಪಾಯ್ತು ಅಂದರೂ, ಇದರಲ್ಲೂ ಏನೋ ಮಸಲತ್ತು ಇದೆ ಅಂದುಕೊಳ್ಳುತ್ತಾನೆ. ಇನ್ನು ನನ್ನನ್ನು ಅವನು ಪೂರ್ತಿ ಎಲ್ಲಿ ನಂಬುತ್ತಾನೆ?"

"ಅರ್ಧ ನಂಬಿದರೂ ಸರಿ, ಆ ಅರ್ಧವನ್ನು ಸೊನ್ನೆ ಅಂತ ಅಲ್ಲೇ ಬಿಟ್ಟು ಬರಬೇಡ."