ಪಣಕ್ಕಿಟ್ಟ ಭಾನುವಾರ

ಹತ್ತಿ ಬೆಳೆಯುವ ಸೀಮೆಯ ಒಂದು ಊರಿನಲ್ಲಿ ನೂಲಿನ ಗಿರಣಿ ಇತ್ತು. ಕೆಲಸಕ್ಕೆ ಕರೆಯುವ ಅದರ ಸೈರನ್ನಿಗೆ ಜನ ಭೋಂಗಾ ಎನ್ನುತ್ತಿದ್ದರು. ಬೆಳಕು ಹರಿಯುವ ಮೊದಲೇ ಭೋಂಗಾ ಕೂಗಿಕೊಳ್ಳುತ್ತಿತ್ತು. ಊರಿನ ಹುಂಜಗಳಿಗೆ ಅದರ ಮುಂದೆ ಯಾವ ಮರ್ಯಾದೆಯೂ ಉಳಿದಿರಲಿಲ್ಲ. ವಾರಕ್ಕೆ ಆರು ದಿನ ಹೀಗೆ ಕೂಗಿ, ಭಾನುವಾರ ಮಾತ್ರ ಅದು ಬಾಯಿ ಮುಚ್ಚಿಕೊಂಡಿರುತ್ತಿತ್ತು.

ಆ ಭಾನುವಾರ ಪುಕ್ಕಟೆ ಬಂದದ್ದಲ್ಲ. ಬಹಳ ಹಿಂದೆ ಗಿರಣಿ ಏಳೂ ದಿನ ನಡೆಯುತ್ತಿತ್ತು. ಸಣ್ಣವ್ವ ಎಂಬ ಹೆಣ್ಣುಮಗಳ ಹಸುಗೂಸಿಗೆ ಒಮ್ಮೆ ಜ್ವರ ಬಂತು. ಒಂದು ದಿನ ರಜೆ ಕೊಡಿರೆಂದು ಆಕೆ ಕೈಮುಗಿದಳು. "ಕೂಸು ನಿಂದು, ಮಷೀನು ಸಾಹುಕಾರರದು. ಮಷೀನು ನಿಲ್ಲಂಗಿಲ್ಲ" ಎಂದರು ಮೇಲಿನವರು. ಸಂಜೆ ಆಕೆ ಮನೆಗೆ ಬಂದಾಗ ಕೂಸಿನ ಮೈ ತಣ್ಣಗಾಗಿತ್ತು.

ಮರುದಿನ ಭೋಂಗಾ ಕೂಗಿತು. ಹೆಂಗಸರು ಒಳಗೆ ಹೋಗಲಿಲ್ಲ. ಸಣ್ಣವ್ವನನ್ನು ನಡುವೆ ಕೂರಿಸಿಕೊಂಡು ಗಿರಣಿಯ ಬಾಗಿಲಲ್ಲಿ ಕುಳಿತುಬಿಟ್ಟರು. ಅವರ ಹಿಂದೆ ಗಂಡಸರೂ ಕುಳಿತರು. ಲಾಠಿ ಬಿತ್ತು. ಮನೆಮನೆಯ ಒಲೆ ಆರಿತು. ಕಿವಿಯ ಬೆಂಡೋಲೆ ಮಾರಿ ಜೋಳ ತಂದರು, ಆದರೆ ಯಾರೂ ಮೇಲೇಳಲಿಲ್ಲ. ಕೊನೆಗೆ ಸಾಹುಕಾರನೇ ಸೋತು ವಾರಕ್ಕೊಂದು ದಿನ ರಜೆ ಎಂದ, ಜೊತೆಗೆ ಮೇ ಒಂದನೇ ತಾರೀಖು ಕಾರ್ಮಿಕರ ದಿನದ ರಜೆಯೆಂದೂ ಒಪ್ಪಿದ.

ಅಂದಿನಿಂದ ಆ ಗಿರಣಿಯಲ್ಲಿ ಒಂದು ಪದ್ಧತಿ ಬೆಳೆದು ಬಂತು. ಪ್ರತಿ ವರ್ಷ ಮೇ ಒಂದಕ್ಕೆ ಕೆಲಸದ ಹೊತ್ತಿಗೆ ಸರಿಯಾಗಿ ಎಲ್ಲರೂ ಬುತ್ತಿಯಿಲ್ಲದೆ, ಬರಿಗೈಯಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಭೋಂಗಾ ಕೂಗುವ ಹೊತ್ತು ಅದು ಕೂಗದೆಯೇ ಕಳೆದುಹೋಗುವುದನ್ನು ಸುಮ್ಮನೆ ನಿಂತು ಕೇಳುತ್ತಿದ್ದರು. ಆಮೇಲೆ ಮುದುಕಿ ಕಲ್ಲವ್ವ ನಾಲ್ಕು ಮಾತು ಆಡುತ್ತಿದ್ದಳು. ಸಣ್ಣವ್ವನ ಪಕ್ಕದಲ್ಲೇ ಕುಳಿತು ಏಟು ತಿಂದವಳು ಆಕೆ. "ದೂರದ ಶಿಕಾಗೋ ಅನ್ನೋ ಊರಾಗೂ ನಮ್ಮಂಥ ಮಂದಿ ಇದ್ರು. ಎಂಟು ತಾಸು ದುಡಿಮಿ, ಎಂಟು ತಾಸು ನಿದ್ದಿ, ಎಂಟು ತಾಸು ನಮ್ಮದು ಅಂದ್ರು. ಅಂದದ್ದಕ್ಕ ಜೀವಾ ಕೊಟ್ರು. ಅವರ ನೆನಪಿನ ದಿನಾ ಇದು, ನಮ್ಮ ಸಣ್ಣವ್ವನ ಕೂಸಿನ ದಿನಾನೂ ಇದಽ" ಎನ್ನುತ್ತಿದ್ದಳು. ಆಮೇಲೆ ಎಲ್ಲರೂ ಕೂಡಿ ಗೋಧಿ ಹುಗ್ಗಿ ಉಣ್ಣುತ್ತಿದ್ದರು.

ಈ ಗಿರಣಿಯ ನೂಲುವ ಖಾತೆಯಲ್ಲಿ ಯಮನೂರಪ್ಪ ಎಂಬುವನಿದ್ದ. ಒಳ್ಳೆಯ ಮನುಷ್ಯ. ಒಳ್ಳೆಯವರು ಕೆಡುವುದಿಲ್ಲವೆಂದು ಯಾರು ಹೇಳಿದರೋ! ಅವನಿಗೆ ಭಾನುವಾರ ಬಂತೆಂದರೆ ಹಬ್ಬ. ಹೆಂಡತಿ ನೀಲವ್ವ ತಲೆಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುವಳು. ರೊಟ್ಟಿ, ಎಣಗಾಯಿ ಪಲ್ಯ ಉಂಡು ಅವನು ಪುಟ್ಟ ಮಗಳು ಹುಲಿಗೆವ್ವನ ಕೈ ಹಿಡಿದುಕೊಂಡು ತೋಟದ ಬಾವಿಗೆ ಹೋಗುವನು. ಬೆನ್ನಿಗೆ ಬೆಂಡು ಕಟ್ಟಿ ಅವಳಿಗೆ ಈಜು ಕಲಿಸುವನು. ಅವಳು ನೀರು ಕುಡಿದು ಬೈದರೆ ಹೊಟ್ಟೆ ಹಿಡಿದುಕೊಂಡು ನಗುವನು. ಆ ಒಂದು ದಿನ ಅವನು ಯಾರ ಆಳೂ ಆಗಿರಲಿಲ್ಲ.

ಸಂಜೆ ಗೆಳೆಯರೆಲ್ಲ ಚಹಾದಂಗಡಿಯಲ್ಲಿ ಸೇರಿ ಟಿ.ವಿ.ಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಪಂದ್ಯ ನೋಡುವುದು ತಪ್ಪಲ್ಲ, ಕೇಕೆ ಹಾಕುವುದೂ ತಪ್ಪಲ್ಲ. ವಾರವಿಡೀ ದುಡಿದ ಮೈಗೆ ಅಷ್ಟಾದರೂ ಬೇಡವೇ? ಸೋತವರು ಗೆದ್ದವರಿಗೆ ಮಿರ್ಚಿ ಭಜಿ ತಿನ್ನಿಸುತ್ತಿದ್ದರು. ಅಲ್ಲಿಗೇ ನಿಂತಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಗಿರಣಿ ಮುಚ್ಚಿದ ದಿನವೂ ಯಂತ್ರ ಒರೆಸಲು, ಎಣ್ಣೆ ಬಿಡಲು ನಾಲ್ಕಾರು ಜನ ಬೇಕಲ್ಲ, ಆ ಕೆಲಸಕ್ಕೆ ಪಾಳಿ ಇತ್ತು. ಯಾರಿಗಾದರೂ ಅಡಚಣೆಯಾದರೆ "ನನ್ನ ಪಾಳಿ ನೀ ಮಾಡು" ಎಂದು ಇನ್ನೊಬ್ಬನಿಗೆ ಬಾಯಿಮಾತಿನಲ್ಲೇ ಒಪ್ಪಿಸುತ್ತಿದ್ದರು. ಒಪ್ಪಿದವನು ತಪ್ಪುವಂತಿರಲಿಲ್ಲ. ತಪ್ಪಿದವನ ಮನೆಯಲ್ಲಿ ಸಾವಾದರೂ ಅವನ ಬದಲಿಗೆ ಯಾರೂ ನಿಲ್ಲುತ್ತಿರಲಿಲ್ಲ. ಕೊಟ್ಟ ಮಾತು ಅವರಿಗೆ ಅಷ್ಟು ದೊಡ್ಡದು.

ಒಂದು ಸಂಜೆ ಯಮನೂರಪ್ಪನ ಜೇಬು ಬರಿದಾಗಿತ್ತು, ಪಂದ್ಯ ಮಾತ್ರ ರಂಗೇರಿತ್ತು. "ರೊಕ್ಕ ಇಲ್ಲಪಾ. ಸೋತ್ರ ನಿನ್ನ ಆಯಿತವಾರದ ಪಾಳಿ ನಾ ಮಾಡ್ತೀನಿ, ನಡಿ" ಎಂದ ಪಕ್ಕದ ಗೆಳೆಯನಿಗೆ. ಎಲ್ಲರೂ ನಕ್ಕರು. ಅವನು ಸೋತ. ಮುಂದಿನ ಭಾನುವಾರ ಬಾವಿಗೆ ಹೋಗಲಿಲ್ಲ, ಗಿರಣಿಗೆ ಹೋದ.

ಹಾಳು ಚಟಕ್ಕೆ ಹಾದಿ ತೋರಿಸುವವರು ಬೇಕಿಲ್ಲ. ಕೆಲವೇ ದಿನಗಳಲ್ಲಿ ಚಹಾದಂಗಡಿಯಲ್ಲಿ ಎಲ್ಲರೂ ಭಾನುವಾರಗಳನ್ನೇ ಪಣಕ್ಕಿಡತೊಡಗಿದರು. ಇದನ್ನು ಮುಕಾದಮ ರಾಚಪ್ಪ ಕಂಡ. ಆಳುಗಳ ಮೇಲ್ವಿಚಾರಣೆ ಅವನದು. "ನಾನೂ ಆಡ್ತೀನ್ರಪಾ. ನಾ ಸೋತ್ರ ಒಂದು ದಿನದ ಪಗಾರ ಎಣಿಸ್ತೀನಿ. ನೀವು ಸೋತ್ರ ಒಂದು ಆಯಿತವಾರ ಬಂದು ಮಷೀನು ನಡಸ್ರಿ" ಎಂದ. ರಾಚಪ್ಪ ಮೋಸ ಮಾಡಲಿಲ್ಲ, ಅದನ್ನೂ ಹೇಳಿಬಿಡಬೇಕು. ಉಳಿದವರು ತಮ್ಮ ಪ್ರೀತಿಯ ತಂಡಕ್ಕೆ ಪಣ ಕಟ್ಟಿದರು. ಅವನಿಗೆ ಯಾವ ತಂಡದ ಮೇಲೂ ಪ್ರೀತಿ ಇರಲಿಲ್ಲ. ಆಗಾಗ ಸೋತು ಪಗಾರ ಎಣಿಸಿದ, ಹೆಚ್ಚು ಸಲ ಗೆದ್ದ.

ಯಮನೂರಪ್ಪನ ಭಾನುವಾರಗಳು ಒಂದೊಂದಾಗಿ ರಾಚಪ್ಪನ ಕೈ ಸೇರಿದವು. ಹುಲಿಗೆವ್ವ ಮೊದಮೊದಲು ಬೆಂಡು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. "ಮುಂದಿನ ವಾರ ಹೋಗೂಣಂತ ಬಿಡವಾ" ಎಂದು ಅವನು ತಲೆ ಸವರುತ್ತಿದ್ದ. ಕೆಲವು ವಾರ ಕಳೆದ ಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಅದು ಅವನ ಕರುಳಿಗೆ ಚುಚ್ಚಿತು. ಚುಚ್ಚಿದ್ದಕ್ಕೆ ಆಟ ಬಿಟ್ಟನೇ? ಇಲ್ಲ. ಸೋತದ್ದನ್ನೆಲ್ಲ ಒಮ್ಮೆಲೇ ಗೆದ್ದುಬಿಡಬೇಕೆಂದು ಹಲ್ಲು ಕಚ್ಚಿದ.

ಏಪ್ರಿಲ್ ಮುಗಿಯುತ್ತ ಬಂತು. ಅಷ್ಟರಲ್ಲಿ ಗಿರಣಿಯ ಮುಕ್ಕಾಲು ಮಂದಿ ತಮ್ಮ ಭಾನುವಾರಗಳನ್ನು ಸೋತು ಕೂತಿದ್ದರು. ದೊಡ್ಡ ಪಂದ್ಯವೊಂದಿದ್ದ ದಿನ ರಾಚಪ್ಪ ಬಂದು ಎಲ್ಲರ ಎದುರಿಗೇ ಹೇಳಿದ:

"ಮೇ ಒಂದು ಇಡ್ರಿ. ನೀವು ಗೆದ್ರ ನಿಮ್ಮೆಲ್ಲರ ಆಯಿತವಾರ ವಾಪಸ್. ಸೋತ್ರ ಇನ್ಮ್ಯಾಲೆ ಎಲ್ಲಾ ಆಯಿತವಾರಕ್ಕೂ, ಮೇ ಒಂದಕ್ಕೂ ಭೋಂಗಾ ಕೂಗತೈತಿ. ಯಮನೂರಪ್ಪ, ನೀನಽ ಮಾತು ಕೊಡು. ಇವರೆಲ್ಲಾ ನಿನ್ನ ಮಾರಿ ನೋಡಾಕತ್ತಾರ."

ಗೆಳೆಯರು ನಿಜಕ್ಕೂ ಅವನ ಮುಖವನ್ನೇ ನೋಡುತ್ತಿದ್ದರು. ಚಹಾ ಕುಡಿಯಲು ಬಂದಿದ್ದ ಕಲ್ಲವ್ವ ಬಟ್ಟಲು ಕೆಳಗಿಟ್ಟು ಎದ್ದು ನಿಂತಳು.

"ಯಮನೂರ, ಬ್ಯಾಡಪಾ. ನಿನ್ನ ಆಯಿತವಾರ ನೀ ಕಳಕೊಂಡಿ, ಅದು ನಿನ್ನ ಹಣೇಬರ. ಇದನ್ನ ಇಡಾಕ ನೀ ಯಾರು? ಇದನ್ನ ಗಳಿಸಿದವರು ಸತ್ತಾರ, ಉಣ್ಣೋರು ಇನ್ನೂ ಹುಟ್ಟಿಲ್ಲ."

"ಆಯಿ, ಇದೊಂದು ಸಲ. ಗೆದ್ರ ಎಲ್ಲಾ ಸರಿ ಹೋಗತೈತಿ" ಎಂದ ಯಮನೂರಪ್ಪ.

"ಸೋತ್ರ?"

ಅವನ ಕಣ್ಣಮುಂದೆ ಬಾವಿ, ಬೆಂಡು, ಮಗಳ ನಗು ಇದ್ದವು. ಮಗಳಿಗಾಗಿಯೇ ಇದನ್ನು ಮಾಡುತ್ತಿದ್ದೇನೆಂದು ಅವನು ನಂಬಿಬಿಟ್ಟಿದ್ದ. ರಾಚಪ್ಪನ ಅಂಗೈಗೆ ಅಂಗೈ ಬಡಿದು ಮಾತು ಕೊಟ್ಟ. ಉಳಿದವರೂ ಒಬ್ಬರ ಹಿಂದೊಬ್ಬರು ಕೊಟ್ಟರು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಪಂದ್ಯ ಮುಗಿಯಿತು. ಅವರು ಸೋತಿದ್ದರು. ಯಾರೂ ಯಾರ ಮುಖವನ್ನೂ ನೋಡದೆ ಮನೆಗೆ ಹೋದರು.

ಆ ವರ್ಷ ಮೇ ಒಂದಕ್ಕೆ ಭೋಂಗಾ ಕೂಗಿತು. ಕಲ್ಲವ್ವ ಒಬ್ಬಳೇ ಬರಿಗೈಯಲ್ಲಿ ಬಾಗಿಲಲ್ಲಿ ನಿಂತಿದ್ದಳು. ಬುತ್ತಿ ಹಿಡಿದ ಜನ ತಲೆ ತಗ್ಗಿಸಿ ಆಕೆಯನ್ನು ಬಳಸಿಕೊಂಡು ಒಳಗೆ ಹೋದರು. ಯಮನೂರಪ್ಪನೂ ಹೋದ. ಆಕೆ ಬೈಯಬಹುದಿತ್ತು, ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಈಗಿನ ಸಾಹುಕಾರನಿಗೆ ಹಾಲುಂಡಷ್ಟು ಸಂತೋಷವಾಯಿತು. ಅವನ ಅಜ್ಜನಿಗೆ ಲಾಠಿಯಿಂದ ಆಗದ್ದು ಇವನಿಗೆ ಬರೀ ಆಟದಿಂದ ಆಗಿತ್ತು.

ಕೆಲವು ತಿಂಗಳ ಮೇಲೆ ಸರಕಾರದ ಅಧಿಕಾರಿಯೊಬ್ಬ ವಿಚಾರಣೆಗೆ ಬಂದ. ಕಾಯಿದೆಯಲ್ಲಿ ರಜೆ ಇದ್ದೇ ಇತ್ತು, ಅದನ್ನು ಯಾರೂ ಅಳಿಸಿರಲಿಲ್ಲ. ಅವನು ನೇರ ಯಮನೂರಪ್ಪನ ಬಳಿ ಬಂದು, "ಅಂಜಬ್ಯಾಡ್ರಿ. ರಜಾ ದಿನ ನಿಮ್ಮನ್ನ ಯಾರರೆ ಜುಲುಮಿ ಮಾಡಿ ಕರಸ್ತಾರೇನು?" ಎಂದು ಕೇಳಿದ.

ಒಂದು ಮಾತು ಸಾಕಿತ್ತು. ಆದರೆ ಆ ಮಾತು ಆಡಿದರೆ ಜೂಜಿನ ಕಥೆ ಹೊರಬೀಳುತ್ತಿತ್ತು. ಕೊಟ್ಟ ಮಾತಿಗೆ ತಪ್ಪಿದವನು ಎಂಬ ಹೆಸರು ಬೇರೆ. ಯಮನೂರಪ್ಪ ನಾಚಿಕೆಯಿಂದ ನೆಲ ನೋಡಿದ.

"ಇಲ್ರಿ ಸಾಹೇಬರ. ನಮ್ಮ ಖುಷಿಲೇ ಬರ್ತೀವ್ರಿ."

ಎಲ್ಲರೂ ಹಾಗೆಯೇ ಹೇಳಿದರು. ಅಧಿಕಾರಿ ಹೊರಟುಹೋದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಇವರಿಗೆ ಕೆಟ್ಟ ಮೇಲೂ ಬುದ್ಧಿ ಬರಲಿಲ್ಲ.

ವರ್ಷಗಳು ಉರುಳಿದವು. ಕಲ್ಲವ್ವ ತೀರಿಕೊಂಡಳು. ಆಕೆಯ ಮಣ್ಣಿಗೆ ಹೋಗಲು ಗಿರಣಿಯವರಿಗೆ ಬಿಡುವಿರಲಿಲ್ಲ. ಹೊಸದಾಗಿ ಸೇರಿದವರಿಗೆ ಏಳು ದಿನದ ಕೆಲಸವೇ ಪದ್ಧತಿಯಾಯಿತು. ಬೇಡ ಎಂದವರಿಗೆ ಬಾಗಿಲು ತೆರೆದಿತ್ತು, ಹೊರಗೆ ಹೋಗಲು. ಯಮನೂರಪ್ಪನ ಕಣ್ಣು ಮಂಜಾಯಿತು, ಎಳೆ ಕೂಡಿಸುವ ಬೆರಳು ನಡುಗತೊಡಗಿತು. ಮನೆ ನಡೆಯಬೇಕಲ್ಲ? ಬೆಳೆದು ನಿಂತ ಹುಲಿಗೆವ್ವನೂ ಗಿರಣಿಗೆ ಸೇರಿದಳು.

ಒಂದು ಭಾನುವಾರ ಬೆಳಿಗ್ಗೆ ತಂದೆ ಮಗಳು ಬುತ್ತಿ ಹಿಡಿದು ಹೊರಟಿದ್ದರು. ಹುಲಿಗೆವ್ವ ತಟ್ಟನೆ ನಿಂತಳು. ತಾಯಿಯ ಬಾಯಿಂದ ಸಣ್ಣವ್ವನ ಕಥೆ ಕೇಳಿ ಬೆಳೆದವಳು ಅವಳು.

"ಅಪ್ಪಾ, ನಾ ಸಣ್ಣಾಕಿ ಇದ್ದಾಗ ಆಯಿತವಾರ ರಜಾ ಇತ್ತು. ನನಗ ಚಲೋ ನೆನಪೈತಿ. ಅದನ್ನ ಯಾರು ಕಸಗೊಂಡ್ರು? ಹೆಸರು ಹೇಳು. ನಾವು ಹುಡುಗ್ಯಾರೆಲ್ಲಾ ಮಾತಾಡಿಕೊಂಡೀವಿ. ಬಾಗಿಲಾಗ ಕುಂದರತೀವಿ. ಹೊಡದ್ರ ಹೊಡೀಲಿ."

ಅವಳ ಕಣ್ಣು ಕೆಂಡವಾಗಿದ್ದವು. ಅಂಥ ಮಗಳನ್ನು ಹೆತ್ತದ್ದಕ್ಕೆ ಬೇರೆ ಯಾರಾದರೂ ಹೆಮ್ಮೆಪಡುತ್ತಿದ್ದರು. ಯಮನೂರಪ್ಪ ಬುತ್ತಿ ಕೆಳಗಿಟ್ಟ. ಸುಳ್ಳು ಹೇಳಲು ಬಾಯಿ ತೆರೆದ, ಆಗಲಿಲ್ಲ.

"ಯಾರೂ ಕಸಗೊಂಡಿಲ್ಲ ಮಗಳಽ. ನಾನಽ ಕ್ರಿಕೆಟ್ಟಿನಾಗ ಇಟ್ಟು ಸೋತೆ. ನಂದೂ ಸೋತೆ, ನಿಂದೂ ಸೋತೆ."

ಎದುರಿಗೆ ವೈರಿ ಇದ್ದಿದ್ದರೆ ಹುಲಿಗೆವ್ವನ ಸಿಟ್ಟಿಗೆ ಒಂದು ಗುರಿ ಇರುತ್ತಿತ್ತು. ಎದುರಿಗಿದ್ದವನು ಅಪ್ಪ. ಗೆಳತಿಯರ ಅಪ್ಪಂದಿರೂ ಅವನ ಹಾಗೆಯೇ ಸೋತವರು. ಅವಳ ಕಣ್ಣಿನ ಬೆಂಕಿ ಅಲ್ಲಿಯೇ ಆರಿತು. ಅಷ್ಟರಲ್ಲಿ ಭೋಂಗಾ ಕೂಗಿತು. ಅವಳು ಸರಸರನೆ ಮುಂದೆ ನಡೆದು ಗಿರಣಿಯ ಬಾಗಿಲು ದಾಟಿದಳು. ಮರುದಿನದಿಂದ ತಂದೆ ಮಗಳು ಕೆಲಸಕ್ಕೆ ಬೇರೆ ಬೇರೆ ಹೋಗತೊಡಗಿದರು.

ನೀತಿ: ಹಿರಿಯರು ಜೀವ ತೆತ್ತು ಗಳಿಸಿದ ಬಿಡುವನ್ನು ಮನದಣಿಯೆ ಅನುಭವಿಸಿರಿ, ಆಡಿರಿ, ನಗಿರಿ. ಆದರೆ ಪಣಕ್ಕಿಡಬೇಡಿರಿ, ಏಕೆಂದರೆ ಅದರಲ್ಲಿ ಮಕ್ಕಳ ಪಾಲೂ ಇದೆ. ಪರರು ಕಸಿದುಕೊಂಡದ್ದನ್ನು ಹೋರಾಡಿ ಮರಳಿ ಪಡೆಯಬಹುದು. ಕೈಯಾರೆ ಸೋತದ್ದನ್ನು ಯಾರ ಬಾಗಿಲಲ್ಲಿ ಕುಳಿತು ಕೇಳುವುದು?