ಒಂದೇ ಕಡೆ ಸಾಣೆ ಹಿಡಿದ ಚಾಕು

"ಬುದ್ಧಿ, ಕೈಯಲ್ಲಿ ದುಡ್ಡು ಕಡಿಮೆ ಇರುವವನು ಒಳ್ಳೆಯ ಚಾಕನ್ನು ಗುರುತಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಚನ್ನವೀರ. ಮಠದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಚಾಕು ಮುರಿದಿತ್ತು. ಹೊಸದನ್ನು ತರುವ ಕೆಲಸ ಅವನ ಪಾಲಿಗೆ ಬಂದಿತ್ತು. ಅವನು ಎರಡು ದಿನ ಪೇಟೆ ಸುತ್ತಿ, ಮೂರು ಅಂಗಡಿ ಹತ್ತಿ ಇಳಿದು, ಬರಿಗೈಯಲ್ಲಿ ಹಿಂದಿರುಗಿದ್ದ. ಒಂದು ಚಾಕಿನ ಅಲಗು ಚೆನ್ನಾಗಿತ್ತು, ಹಿಡಿ ಸಡಿಲವಾಗಿತ್ತು. ಇನ್ನೊಂದರ ಹಿಡಿ ಗಟ್ಟಿಯಾಗಿತ್ತು, ಅದರ ಉಕ್ಕಿನ ಮೇಲೆ ಅವನಿಗೆ ನಂಬಿಕೆ ಬರಲಿಲ್ಲ. ಮೂರನೆಯದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆ ಇದ್ದದ್ದು ಅವನ ಜೇಬಿನಲ್ಲಿ.

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು.

"ಉಕ್ಕಿನ ವಿಷಯ ನನಗೆ ಅಷ್ಟಾಗಿ ತಿಳಿಯದು. ಒಬ್ಬ ನೇಕಾರನಿಗೆ ತಿಳಿದಿತ್ತು. ಕೂತುಕೋ, ಅವನ ಕತೆ ಹೇಳುತ್ತೇನೆ" ಎಂದರು.

ಒಂದೂರಿನಲ್ಲಿ ಆ ನೇಕಾರ ಇದ್ದ. ವಸ್ತುಗಳನ್ನು ಪರೀಕ್ಷೆ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಣ್ಣು ಮುಚ್ಚಿಕೊಂಡು ನೂಲನ್ನು ಬೆರಳಲ್ಲಿ ಹೊಸೆದು ಅದು ಯಾವ ಊರಿನದೆಂದು ಹೇಳುತ್ತಿದ್ದ. ಮಡಕೆ ಕೊಳ್ಳುವಾಗ ಹತ್ತು ಮಡಕೆ ಬಾರಿಸಿ ಒಂದನ್ನು ಆರಿಸುತ್ತಿದ್ದ. ಅಂಗಡಿಯವರು ಅವನನ್ನು ದೂರದಲ್ಲಿ ಕಂಡರೇ ನಿಟ್ಟುಸಿರು ಬಿಡುತ್ತಿದ್ದರು. ಅವನು ಜಿಪುಣನಲ್ಲ. ಮಗ್ಗ ಒಂದೇ, ಉಣ್ಣುವ ಬಾಯಿ ಐದು. ಅಳೆದು ಸುರಿದು ಕೊಳ್ಳದಿದ್ದರೆ ಮನೆ ನಡೆಯುತ್ತಿರಲಿಲ್ಲ.

ಅವನ ಹೆಂಡತಿ ತರಕಾರಿ ಹೆಚ್ಚುವುದರಲ್ಲಿ ಹೆಸರಾದವಳು. ಕೋಸಂಬರಿಗೆ ಅವಳು ಹೆಚ್ಚಿದ ಸೌತೆಕಾಯಿ ನೂಲಿನ ಎಳೆಯಂತೆ ಇರುತ್ತಿತ್ತು. ಉಂಡವರು ಹೊಗಳಿದರೆ ನೇಕಾರ ತಾನೇ ಹೆಚ್ಚಿದವನಂತೆ ಬೀಗುತ್ತಿದ್ದ. ಅವಳ ತವರಿನಿಂದ ಬಂದ ಹಳೆಯ ಚಾಕು ಸವೆದೂ ಸವೆದೂ ಒಂದು ದಿನ ಮುರಿಯಿತು. ಆಗ ಅವಳು ಗಂಡನಲ್ಲಿ ಹೊಸ ಚಾಕು ಕೇಳಿದಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಬಾಯಿಬಿಟ್ಟು ತನಗೆಂದು ಕೇಳಿದ ವಸ್ತು ಅದೊಂದೇ.

ನೇಕಾರನಿಗೆ ಸಂತೋಷವಾಯಿತು. ಅಂಥಿಂಥ ಚಾಕು ತರಬಾರದು, ಒಳ್ಳೆಯದನ್ನೇ ತರಬೇಕು ಎಂದುಕೊಂಡ. ನಾಲ್ಕು ತಿಂಗಳು ಎಲೆ ಅಡಿಕೆ ಬಿಟ್ಟು ಹಣ ಕೂಡಿಸಿದ. ಅಷ್ಟು ದಿನ ಅವಳು ಪಕ್ಕದ ಮನೆಯ ಚಾಕನ್ನು ಎರವಲು ತಂದು ಅಡುಗೆ ಮಾಡಿದಳು. ಇದನ್ನು ಮರೆಯಬೇಡ ಚನ್ನವೀರ, ಅವನು ಹೆಂಡತಿಯನ್ನು ಕಡೆಗಣಿಸಿದವನಲ್ಲ. ಕಡೆಗಣಿಸಿದವನಾಗಿದ್ದರೆ ಈ ಕತೆ ಹೇಳುವುದು ನನಗೆ ಸುಲಭವಾಗುತ್ತಿತ್ತು.

ಸಂತೆಯ ಚಾಕುಗಳಲ್ಲೊಂದೂ ಅವನಿಗೆ ಒಪ್ಪಿಗೆಯಾಗಲಿಲ್ಲ. ಒಂದನ್ನು ಬಗ್ಗಿಸಿ ನೋಡಿದ, ಇನ್ನೊಂದನ್ನು ಉಗುರಿನಿಂದ ತಟ್ಟಿ ಸದ್ದು ಕೇಳಿದ. ಕೊನೆಗೆ ಪಕ್ಕದೂರಿನ ಕಮ್ಮಾರನ ಕುಲುಮೆಗೆ ಹೋದ. ಕಮ್ಮಾರನ ಉಕ್ಕು ಒಳ್ಳೆಯದು, ಬೆಲೆ ಹೆಚ್ಚು. ನೇಕಾರ ಚೌಕಾಸಿ ಮಾಡಿದ. ಕಮ್ಮಾರ ನಕ್ಕ.

"ಕಾಸಿಗೆ ತಕ್ಕ ಕಜ್ಜಾಯ ಸ್ವಾಮಿ. ಉಕ್ಕಲ್ಲಿ ನಾನು ಮೋಸ ಮಾಡಾಕಿಲ್ಲ. ಒಂದು ಕೆಲ್ಸ ಮಾಡಬೋದು. ಎರಡೂ ಕಡೆ ಸಾಣೆ ಹಿಡಿಯೋ ಬದಲು ಒಂದೇ ಕಡೆ ಹಿಡೀತೀನಿ. ಕೆಲ್ಸ ಅರ್ಧ ಆಯ್ತದೆ, ನಿಮ್ ದುಡ್ಡಿಗೆ ಸರಿಹೋಯ್ತದೆ. ಹೆಚ್ಚೋಕೇನೂ ತೊಂದ್ರೆ ಇಲ್ಲ. ಆದ್ರೆ ಯಾವ ಕೈಲಿ ಹಿಡೀತಾರೆ ಅಂತ ಗೊತ್ತಿರಬೇಕು. ಒಂದು ಕೈಗೆ ಮಾಡಿದ್ದು ಇನ್ನೊಂದು ಕೈಗೆ ಕೂರಾಕಿಲ್ಲ, ಪಕ್ಕಕ್ಕೆ ಎಳೀತದೆ."

"ಯಾವ ಕೈ ಅಂದ್ರೆ? ಬಲಗೈ. ನಮ್ಮ ಮನೆಯವಳು ಸಂಪ್ರದಾಯಸ್ಥರ ಮನೆಯಿಂದ ಬಂದವಳು."

"ಎಷ್ಟು ದೂರ ನಿಮ್ಮೂರು? ಒಂದು ಮಾತು ಕೇಳ್ಕೊಂಡು ಬಂದ್ಬುಡಿ. ಕುಲುಮೆ ಆರಾಕಿಲ್ಲ, ನಾನು ಕಾಯ್ತೀನಿ."

"ಹನ್ನೊಂದು ವರ್ಷ ಅವಳ ಕೈ ಅಡುಗೆ ಉಂಡಿದೀನಪ್ಪ. ಇದನ್ನೂ ಕೇಳಬೇಕಾ?"

ಕಮ್ಮಾರ ಸಾಣೆಕಲ್ಲು ಎಳೆದುಕೊಂಡ. ಬಲಗೈಗೆ ಸಾಣೆ ಹಿಡಿದು ಕೊಟ್ಟ. ನೇಕಾರ ಚಾಕನ್ನು ಹೊಸ ಬಟ್ಟೆಯ ತುಂಡಿನಲ್ಲಿ ಸುತ್ತಿಕೊಂಡು ಮನೆಗೆ ಬಂದ. ಹೆಂಡತಿ ಬಿಚ್ಚಿ ನೋಡಿದಳು. ಅಲಗನ್ನು ಆ ಕಡೆ ಈ ಕಡೆ ತಿರುಗಿಸಿದಳು. ಅವಳು ಏನೋ ಹೇಳಲು ಬಾಯಿ ತೆರೆದಾಗ ಅವನು, "ಬೆಲೆ ಕೇಳಬೇಡ" ಎಂದು ನಗುತ್ತಾ ತಡೆದ. "ಚೆನ್ನಾಗಿದೆ" ಎಂದು ಅವಳು ಒಳಗೆ ಹೋದಳು.

ಅಂದಿನಿಂದ ಆ ಮನೆಯ ಕೋಸಂಬರಿ ಕೆಟ್ಟಿತು. ಹೋಳು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಎಳೆಯಲ್ಲಿ ಒಂದು ಕೂದಲಿನಷ್ಟು ಹೆಚ್ಚುಕಡಿಮೆಯಾದರೂ ಗುರುತಿಸುವ ನೇಕಾರನಿಗೆ ಇದು ಕಾಣದಿರುತ್ತದೆಯೇ? ಕೆಲವು ದಿನ ಸಹಿಸಿದ, ಆಮೇಲೆ ಮಾತು ಆಡಿದ. ಅವಳು ಒಂದೇ ಸಲ, "ಚಾಕು ಯಾಕೋ ಪಕ್ಕಕ್ಕೆ ಎಳೆಯುತ್ತದೆ" ಎಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದ ನೇಕಾರ. ಪಕ್ಕದಲ್ಲಿ ಉಣ್ಣುತ್ತಿದ್ದ ನೆಂಟರು ನಕ್ಕರು. ಅವಳೂ ನಕ್ಕಳು. ಮತ್ತೆ ಆ ಮಾತನ್ನು ಎತ್ತಲಿಲ್ಲ.

ಆಮೇಲೆ ಅವಳ ಬೆರಳುಗಳಲ್ಲಿ ಗಾಯ ಕಾಣತೊಡಗಿತು. ಎಲ್ಲವೂ ಎಡಗೈಯ ಬೆರಳುಗಳಲ್ಲಿ. ಬಡಿಸುವಾಗ ಅವನ ಕಣ್ಣಿಗೆ ಬೀಳುತ್ತಿತ್ತು. "ಒಳ್ಳೆಯ ಚಾಕು, ಹುಷಾರು" ಎನ್ನುತ್ತಿದ್ದ. ಮೂರು ನಾಲ್ಕು ವರ್ಷಕ್ಕೆ ಗಾಯಗಳು ನಿಂತವು. ಹೋಳುಗಳೂ ಒಂದು ಮಟ್ಟಕ್ಕೆ ಬಂದವು. ನೂಲಿನಂತೆ ಮಾತ್ರ ಮತ್ತೆ ಆಗಲಿಲ್ಲ. ವಯಸ್ಸಾಯಿತು, ಕೈ ಮೊದಲಿನಂತಿಲ್ಲ ಎಂದು ನೇಕಾರ ತನಗೆ ತಾನೇ ಹೇಳಿಕೊಂಡ.

ಹತ್ತು ವರ್ಷ ಕಳೆಯಿತು. ಚಾಕಿನ ಹಿಡಿ ಸಡಿಲವಾಯಿತು. ನೇಕಾರ ಅದನ್ನು ಅದೇ ಕಮ್ಮಾರನಲ್ಲಿಗೆ ಒಯ್ದ. ಕಮ್ಮಾರ ಮರದ ಹಿಡಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ.

"ಹೆಬ್ಬೆಟ್ಟು ಒತ್ತಿ ಸವೆದಿರೋದು ಎರಡು ಕಡೆ ಇದೆ. ಈ ಕಡೇದು ಹಳೇದು, ಎಡಗೈದು. ಆ ಕಡೇದು ಆಮೇಲಿನದು, ಬಲಗೈದು. ನಿಮ್ಮನೇಲಿ ಎಡಗೈಯವರು ಯಾರು ಸ್ವಾಮಿ?"

ನೇಕಾರ ಯಾರೂ ಇಲ್ಲ ಎನ್ನಲು ಹೊರಟ. ಅಷ್ಟರಲ್ಲಿ ಗಾಯದ ಬೆರಳುಗಳು ನೆನಪಾದವು. ಚಾಕು ಹಿಡಿದ ಕೈಗೆ ಗಾಯವಾಗುವುದಿಲ್ಲ, ತರಕಾರಿ ಹಿಡಿದ ಕೈಗೆ ಆಗುತ್ತದೆ. ಬಾರದ ಬಲಗೈಯನ್ನು ಅವಳು ಎಡಗೈಯ ಮೇಲೆ ಪಳಗಿಸಿದ್ದಳು.

ಚಿಕ್ಕಂದಿನಲ್ಲಿ ಅವಳ ತಾಯಿ ಅವಳ ಎಡಗೈಯನ್ನು ಸೆರಗಿನ ತುದಿಯಿಂದ ಕಟ್ಟಿ ಉಣ್ಣಿಸಿದ್ದಳು. ಎಡಗೈಯಲ್ಲಿ ಬಡಿಸಿದರೆ ಗಂಡನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ ಎಂದು ಹೇಳಿ ಕಳಿಸಿದ್ದಳು. ಹಾಗಾಗಿ ಬಡಿಸುವಾಗ ಬಲಗೈ, ಕುಂಕುಮ ಕೊಡುವಾಗ ಬಲಗೈ. ಅಡುಗೆಮನೆಯ ಒಳಗೆ ಮಾತ್ರ ಅವಳ ಎಡಗೈ ಅವಳದಾಗಿತ್ತು. ಅವಳು ಮುಚ್ಚಿಟ್ಟಳು ಎನ್ನಬೇಡ. ಒಂದು ಗೋಡೆಯ ಆಚೆ ನಡೆಯುವುದನ್ನು ಮುಚ್ಚಿಡಬೇಕಾದರೆ ಇಣುಕಿ ನೋಡುವವನೊಬ್ಬ ಇರಬೇಕು.

ನೇಕಾರ ಅಂದು ಚೌಕಾಸಿ ಮಾಡಲಿಲ್ಲ. ಹಳೆಯ ಚಾಕಿನ ಹಿಡಿ ಬಿಗಿ ಮಾಡಿಸಿ, ಎಡಗೈಗೆ ಸಾಣೆ ಹಿಡಿದ ಹೊಸ ಚಾಕನ್ನೂ ಮಾಡಿಸಿದ. ಮನೆಗೆ ಬಂದವನು ಮೊದಲ ಸಲ ಅಡುಗೆಮನೆಯ ಹೊಸ್ತಿಲು ದಾಟಿ, ಅವಳ ಎಡಗೈಯಲ್ಲೇ ಅದನ್ನು ಇಟ್ಟ.

ಅವಳು ಒಂದು ಸೌತೆಕಾಯಿ ತೆಗೆದುಕೊಂಡಳು. ಎಡಗೈಯಲ್ಲಿ ಹೆಚ್ಚಲು ನೋಡಿದಳು. ಅಲಗು ಜಾರಿತು. ಹೋಳು ದಪ್ಪವಾಗಿ ಬಿತ್ತು. ಇನ್ನೊಮ್ಮೆ ನೋಡಿದಳು. ಆಮೇಲೆ ಚಾಕನ್ನು ಬಲಗೈಗೆ ಬದಲಾಯಿಸಿದಳು. ಅದು ಪಕ್ಕಕ್ಕೆ ಎಳೆಯಿತು. ಅವಳು ಚಾಕನ್ನು ಕೆಳಗಿಟ್ಟಳು.

"ಬಲಗೈಗೆ ಕಲಿಸೋಕೆ ನಾಲ್ಕು ವರ್ಷ ಆಯ್ತು. ಎಡಗೈ ಯಾವಾಗ ಮರೀತೋ ಗೊತ್ತಾಗಲಿಲ್ಲ" ಎಂದಳು.

ನೇಕಾರನ ಕಣ್ಣಲ್ಲಿ ನೀರು ಬಂತು. "ಯಾಕೆ ಹೇಳಲಿಲ್ಲ?" ಎಂದ.

"ಹೇಳಿದ್ದೆನಲ್ಲ. ಚಾಕು ಎಳೀತದೆ ಅಂದಿದ್ದೆ. ನೀವು ನೆಲ ಡೊಂಕು ಅಂದಿರಿ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅವನು ಸಮಾಧಾನ ಮಾಡಬಹುದಿತ್ತು. ಅವಳು ಹಳೆಯ ಚಾಕನ್ನು ಎತ್ತಿಕೊಂಡು, ಅರ್ಧಕ್ಕೆ ನಿಂತಿದ್ದ ಸೌತೆಕಾಯಿಯನ್ನು ಹೆಚ್ಚಿ ಮುಗಿಸಿದಳು. ಹೊಸ ಚಾಕನ್ನು ತೊಳೆದು ಗೋಡೆಯ ಮೊಳೆಗೆ ತೂಗುಹಾಕಿದಳು. ಉಕ್ಕು ಒಳ್ಳೆಯದು. ಅದು ಬಹಳ ಕಾಲ ಹಾಗೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಅಡುಗೆಮನೆಯಲ್ಲಿ ಯಾರೋ ಎರವಲು ಚಾಕಿನಿಂದ ಹುರುಳಿಕಾಯಿ ಹೆಚ್ಚುತ್ತಿದ್ದ ಸದ್ದು ಕೇಳಿಸುತ್ತಿತ್ತು. ಆ ಹೊತ್ತಿನಲ್ಲಿ ಅಲ್ಲಿರುವವಳು ಪುಟ್ಟನಂಜಮ್ಮ. ಚನ್ನವೀರ ಮಠಕ್ಕೆ ಬಂದಾಗಿನಿಂದ ಆರು ವರ್ಷ ಅವನಿಗೆ ಅಡುಗೆ ಮಾಡಿ ಬಡಿಸಿದವಳು.

ಚನ್ನವೀರ ಸ್ವಲ್ಪ ಯೋಚಿಸಿ, "ತಿಳಿಯಿತು ಬುದ್ಧಿ. ಹಾಗಾದರೆ ಎರಡೂ ಕಡೆ ಸಾಣೆ ಹಿಡಿದ ಚಾಕನ್ನೇ ಹುಡುಕುತ್ತೇನೆ" ಎಂದ.

ಗುರುಗಳು ಅವನನ್ನು ನೋಡಲಿಲ್ಲ. ಅಡುಗೆಮನೆಯ ಕಡೆ ನೋಡುತ್ತಾ ಹೇಳಿದರು:

"ಪುಟ್ಟನಂಜಮ್ಮ ಯಾವ ಕೈಯಲ್ಲಿ ಹೆಚ್ಚುತ್ತಾಳೆಂದು ನಿನಗೆ ಗೊತ್ತಿದ್ದರೆ ನನಗೂ ಹೇಳು, ನಾನು ಅವಳ ಕೈ ಅಡುಗೆ ಉಣ್ಣುತ್ತಾ ಇಪ್ಪತ್ತು ವರ್ಷವಾಯಿತು."